ಮುಚ್ಚಿಗೆಯ ಏಳು ರೀಪು

ಡಿಸೆಂಬರ್ 2. ಮೋಡ. ಗಾಳಿ ಇಲ್ಲ.

ಮಿಸಾವೊ: ಬೆಳಗ್ಗೆ ಗಂಜಿ ಆರು ಚಮಚ. ಮಧ್ಯಾಹ್ನ ಏನೂ ಇಲ್ಲ. ಜ್ವರವಿಲ್ಲ. ಮೂತ್ರ ನಾಲ್ಕು ಸಲ.

ಹೀಗೆ ದಿನಾ ಬರೆದಿಡಬೇಕೆಂದು ಮನೆಗೆ ಬರುವ ನರ್ಸಮ್ಮ ಹೇಳಿದ್ದಾಳೆ. ಐವತ್ತು ವರ್ಷ ಬಡಗಿ ಕೆಲಸ ಮಾಡಿದವನಿಗೆ ಬರೆಯುವುದೇನೂ ಹೊಸದಲ್ಲ. ಹವೆ, ಮರ, ಆ ದಿನ ಆದ ಕೆಲಸ, ಇಷ್ಟನ್ನು ದಿನಾ ಬರೆಯುತ್ತಿದ್ದೆ. ಈಗ ಮರದ ಜಾಗದಲ್ಲಿ ಹೆಂಡತಿ ಬಂದಿದ್ದಾಳೆ. ಅದೇ ಹಳೆಯ ಪುಸ್ತಕ, ಅದೇ ಪೆನ್ಸಿಲ್.

ಸಂಜೆ ನಗೋಯಾದಿಂದ ಮಗಳು ಕಾನಾಕೊ ಫೋನ್ ಮಾಡಿದ್ದಳು. ಅವಳ ಮನೆಯ ಹತ್ತಿರದ ಆರೈಕೆ ಮನೆಯಲ್ಲಿ ಮಾರ್ಚ್ ಒಂದಕ್ಕೆ ಒಂದು ಮಂಚ ಖಾಲಿಯಾಗುತ್ತದಂತೆ. "ಅಪ್ಪಾ, ನೀವು ಹ್ಞೂ ಅಂದ್ರೆ ಸಾಕು, ಮಿಕ್ಕಿದ್ದೆಲ್ಲ ನಾನು ನೋಡ್ಕೋತೀನಿ" ಎಂದಳು. ಅವಳ ಮಾತು ಮುಗಿಯುವ ಮೊದಲೇ ಹ್ಞೂ ಅಂದುಬಿಟ್ಟೆ. ಫೋನ್ ಇಟ್ಟಾಗ ಹೆಗಲು ಹಗುರವಾದಂತಾಯಿತು. ಹಗುರವಾಯಿತಲ್ಲ ಎಂದು ಆಮೇಲೆ ನಾಚಿಕೆಯೂ ಆಯಿತು. ಆದರೂ ಹಗುರವಾದದ್ದು ನಿಜ, ಇಲ್ಲಿ ಸುಳ್ಳು ಬರೆದು ಯಾರಿಗೆ ತೋರಿಸಬೇಕು.

ಮಿಸಾವೊಗೆ ಹೇಳಿದೆ. ಆಗಸ್ಟಿನಲ್ಲಿ ಲಕ್ವ ಹೊಡೆದು ಬಲಭಾಗ ಬಿದ್ದುಹೋದ ಮೇಲೆ ಅವಳ ಬಾಯಲ್ಲಿ ಉಳಿದಿರುವುದು 'ಹ್ಞೂ' ಮತ್ತು 'ಬೇಡ' ಎರಡೇ. ಇವತ್ತು ಎರಡನ್ನೂ ಹೇಳಲಿಲ್ಲ. ಆ ಮೌನ ತಡೆಯಲಾರದೆ ನಾನೇ ಬಾಯಿಗೆ ಬಂದದ್ದನ್ನು ಹೇಳಿದೆ: "ನೋಡು, ತೊಕೊನೊಮಾ ಕಟ್ಟಿ ಮುಗಿಸಿದ ಮೇಲೇನೇ ನಿನ್ನ ಕಳಿಸೋದು. ನೀನು ಅದ್ರಲ್ಲಿ ಹೂ ಇಟ್ಟ ಮೇಲೆ. ಅದಕ್ಕೆ ಮುಂಚೆ ಇಲ್ಲ."

ಅವಳು ಹಾಸಿಗೆ ಇಡುವ ಗೋಡೆಬೀರಿನ ಬಾಗಿಲಿನ ಕಡೆ ನೋಡಿದಳು. ಎಷ್ಟೋ ಹೊತ್ತು ಹಾಗೇ ನೋಡುತ್ತಿದ್ದಳು.

ಡಿಸೆಂಬರ್ 5. ಸಣ್ಣ ಹಿಮ.

ಗಂಜಿ ಎಂಟು ಚಮಚ. ಬೆನ್ನಿನಲ್ಲಿ ಕೆಂಪು ಗುರುತು, ಮುಲಾಮು ಹಚ್ಚಿದೆ.

ಮೂವತ್ತೆಂಟು ವರ್ಷದ ಹಿಂದೆ ಈ ಮನೆ ಕಟ್ಟಿದಾಗ ತೊಕೊನೊಮಾಕ್ಕೆ ಒಂದು ಗೋಡೆ ಬಿಡಿ ಎಂದು ಅವಳು ಕೇಳಿದ್ದಳು. ಗೋಡೆಯಲ್ಲಿ ಅಲಂಕಾರಕ್ಕೊಂದು ಗೂಡು, ಒಂದು ಪಟ ತೂಗುವಷ್ಟು, ಅದರ ಕೆಳಗೆ ಒಂದು ಹೂದಾನಿ ಇಡುವಷ್ಟು ಜಾಗ ಸಾಕಿತ್ತು ಅವಳಿಗೆ. ಮುಂದಿನ ವರ್ಷ ಅಂದೆ, ಆ ಗೋಡೆಗೆ ಹಾಸಿಗೆಯ ಬೀರು ಕೂರಿಸಿದೆ. ಈ ಕಣಿವೆಯಲ್ಲಿ ಇಪ್ಪತ್ತಾರು ಮನೆಗೆ ತೊಕೊನೊಮಾ ಮಾಡಿಕೊಟ್ಟಿದ್ದೇನೆ. ನನ್ನ ಹೆಂಡತಿ ಮಾತ್ರ ಉಪ್ಪಿನಕಾಯಿ ಅಂಗಡಿಯ ಕೆಲಸ ಮುಗಿಸಿ ಬಂದು ಬಾಗಿಲ ಬಳಿಯ ಚಪ್ಪಲಿ ಬೀರಿನ ಮೇಲೆ ಹೂ ಜೋಡಿಸುತ್ತಿದ್ದಳು. ಅದಕ್ಕಾಗಿ ಒಂದು ದಿನವೂ ಚುಚ್ಚಿ ಮಾತಾಡಲಿಲ್ಲ. ಚುಚ್ಚಿದ್ದರೆ ಕಟ್ಟಿಯೇ ಬಿಡುತ್ತಿದ್ದೆನೇನೋ.

ಈಗ ಅವಳು ಮಲಗುವುದು ಬಾಡಿಗೆಗೆ ತಂದ ಆಸ್ಪತ್ರೆ ಮಂಚದಲ್ಲಿ. ಗೋಡೆಬೀರಿನಲ್ಲಿ ಹಾಸಿಗೆ ಇಡುವ ಕೆಲಸವಿಲ್ಲ. ಅದನ್ನು ಖಾಲಿ ಮಾಡಿ, ನಡುವಿನ ಹಲಗೆ ಕಿತ್ತರೆ ಬೇಕಾದಷ್ಟು ಆಳ ಸಿಗುತ್ತದೆ. ಇವತ್ತು ಬಾಗಿಲು ಬಿಚ್ಚಿದೆ. ಕಾನಾಕೊ ಮಗುವಾಗಿದ್ದಾಗಿನ ರಜಾಯಿ, ನನ್ನ ಅಪ್ಪನ ಕೊಡತಿ, ಯಾರದೋ ಮದುವೆಯ ಖಾಲಿ ಪೆಟ್ಟಿಗೆಗಳು ಸಿಕ್ಕವು. ಅರ್ಧಕ್ಕೇ ಸಾಕಾಗಿ ಕೂತುಬಿಟ್ಟೆ.

ಡಿಸೆಂಬರ್ 11. ಹಿಮ, ಮೊಣಕಾಲಿನವರೆಗೆ.

ಗಂಜಿ ಐದು. ಕಿತ್ತಳೆ ರಸ ಸ್ವಲ್ಪ.

ತೊಕೊನೊಮಾಕ್ಕೆಂದು ಎತ್ತಿಟ್ಟಿದ್ದ ಕಂಬವನ್ನು ಹಿತ್ತಲ ಕೊಟ್ಟಿಗೆಯಿಂದ ಎಳೆದು ತಂದೆ. ಇಚಿಯಿ ಮರ, ಒಳಗೆ ಕೆಂಪು, ಮೂವತ್ತೊಂದು ವರ್ಷ ಒಣಗಿದೆ. ಇದನ್ನು ತಂದು ಇಟ್ಟವನು ನಾನು, ಇದರ ಮೇಲೆ ಪ್ರತಿ ಚಳಿಗಾಲ ಮೂಲಂಗಿ ಒಣಗಹಾಕಿದವಳು ಅವಳು. ಇನ್ನೂ ಮೂಲಂಗಿ ವಾಸನೆ ಇದೆ.

ಮೊದಲು ಬೇರಿನ ತುದಿ ಯಾವುದೆಂದು ನೋಡಿಕೊಂಡೆ. ಮರ ಬೆಳೆದು ನಿಂತ ಹಾಗೆಯೇ ಮನೆಯಲ್ಲೂ ನಿಲ್ಲಬೇಕು. ತಲೆಕೆಳಗಾದ ಕಂಬವಿರುವ ಮನೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲ. ನನ್ನ ಗುರು ತೊಕೊನೊಮಾದ ಮೂರು ಪಾಠವನ್ನು ಕೊಡತಿಯಿಂದ ತಲೆಗೆ ಮೊಟಕಿ ಕಲಿಸಿದ್ದ. ಕಂಬದ ಬೇರು ಕೆಳಗಿರಬೇಕು. ನೆಲಕ್ಕೆ ಹಾಸಿದ ಚಾಪೆಯ ಗಿಡ್ಡ ಅಂಚು ತೊಕೊನೊಮಾಕ್ಕೆ ಮುಖ ಮಾಡಬಾರದು. ಮೇಲಿನ ಹಲಗೆ ಮುಚ್ಚಿಗೆಯ ರೀಪುಗಳು ಅದಕ್ಕೆ ಅಡ್ಡಡ್ಡವಾಗಿ ಹೋಗಬೇಕೇ ಹೊರತು ತುದಿ ಚಾಚಿ ತಿವಿಯಬಾರದು; ತಿವಿದರೆ ಮನೆಯ ಯಜಮಾನನಿಗೇ ತಿವಿದ ಹಾಗೆ. ಕೆಳ ಊರಿನ ಸಾಕೆ ಹೆಂಡದ ಭಟ್ಟಿಯ ಮನೆಯಲ್ಲಿ ಒಬ್ಬ ಬಡಗಿ ಈ ಮೂರನೆಯ ತಪ್ಪು ಮಾಡಿ, ಊರೆಲ್ಲ ನಗುತ್ತಿರುವಾಗ ಮುಚ್ಚಿಗೆ ಪೂರ್ತಿ ಬಿಚ್ಚಿ ಹಾಕಿದ್ದ. ನಾನೂ ನಕ್ಕವನೇ. ಐವತ್ತು ವರ್ಷದಲ್ಲಿ ನನ್ನ ಕೈಯಲ್ಲಿ ಅಂಥದ್ದು ಆಗಿಲ್ಲ.

ಬೇರಿನ ತುದಿಗೆ ಸುಣ್ಣದ ಗುರುತು ಹಾಕಿದೆ. ಸೊಂಟ ನೋಯುತ್ತಿದೆ.

ಡಿಸೆಂಬರ್ 12.

ಆಗಲ್ಲ. ಇವತ್ತು ಏನೂ ಆಗಲ್ಲ.

ಡಿಸೆಂಬರ್ 19. ಬಿಸಿಲು, ಚಳಿ.

ಗಂಜಿ ಇಲ್ಲ. ಯಾಕೆಂದು ಬರೆಯಲೇಬೇಕು.

ಬೆಳಗ್ಗೆ ಮೂರು ಸಲ ಬಟ್ಟೆ ಬದಲಾಯಿಸಿ, ಗಂಜಿ ಕಾಯಿಸಿ, ಊದಿ ಆರಿಸಿ ಬಾಯಿಗಿಟ್ಟರೆ ಉಗುಳಿದಳು. ಇನ್ನೊಂದು ಸಲ ಇಟ್ಟೆ, ಇನ್ನೊಂದು ಸಲ ಉಗುಳಿದಳು. ನಾನು ಚಮಚವನ್ನು ಗೋಡೆಗೆ ಎಸೆದೆ. "ಹೋಗು, ಮಾರ್ಚ್ ಬರ್ಲಿ, ಅಲ್ಲಿ ಹೋಗಿ ಉಗುಳು" ಅಂದೆ. ಇದೇ ಮಾತು, ಇಷ್ಟೇ ಜೋರಾಗಿ. ಅವಳು ಅಳಲಿಲ್ಲ. ಎಡಗೈಯಿಂದ ತನ್ನ ಗಲ್ಲ ತಾನೇ ಒರೆಸಿಕೊಳ್ಳಲು ನೋಡಿದಳು, ಕೈ ಕಿವಿಯ ಹತ್ತಿರ ಹೋಯಿತು.

ಚಮಚ ಮರದ್ದು, ನಾನೇ ಕೆತ್ತಿದ್ದು. ಸೀಳಿಹೋಗಿದೆ. ಮಧ್ಯಾಹ್ನ ಇನ್ನೊಂದು ಕೆತ್ತಿದೆ, ಇದರ ಅಂಚು ಸ್ವಲ್ಪ ತೆಳು. ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳಲಿಲ್ಲ.

ಜನವರಿ 2. ಹಿಮ.

ಹೊಸ ವರ್ಷದ ಸೊಬಾ ಶಾವಿಗೆ, ಮೋಚಿ ಅಕ್ಕಿಮುದ್ದೆ ಎಲ್ಲ ನನಗೊಬ್ಬನಿಗೇ. ಮೋಚಿ ಗಂಟಲಿಗೆ ಸಿಕ್ಕೀತೆಂದು ಅವಳಿಗೆ ಕೊಡುವ ಹಾಗಿಲ್ಲ. ತೆಳು ಅಂಚಿನ ಚಮಚದಲ್ಲಿ ಗಂಜಿ ಹತ್ತು. ಉಗುಳಲಿಲ್ಲ.

ಕಾನಾಕೊ ಎರಡು ದಿನವಿದ್ದು ಹೋದಳು. ಆರೈಕೆ ಮನೆಯ ಕಾಗದಗಳನ್ನು ತಂದಿದ್ದಳು. ನೀವೇ ಇಷ್ಟು ಸೊರಗಿದ್ದೀರಿ, ಅಮ್ಮನಿಗಿಂತ ಮೊದಲು ನಿಮ್ಮನ್ನೇ ಸೇರಿಸಬೇಕು ಎಂದು ರೇಗಿದಳು. ಅವಳ ಅಮ್ಮನ ಬಾಯಿಯೇ ಅವಳಿಗೂ. ನಾನು ಕಾಗದಗಳಿಗೆ ನನ್ನ ಹೆಸರಿನ ಮುದ್ರೆ ಒತ್ತಿದೆ. ಮಿಸಾವೊ ಆಗ ಕಣ್ಣು ಮುಚ್ಚಿಕೊಂಡಿದ್ದಳು, ನಿದ್ದೆ ಬಂದಿರಬೇಕು.

ಜನವರಿ 9. ಮೋಡ.

ಗಂಜಿ ಹನ್ನೊಂದು, ಮೊಟ್ಟೆಯ ಹಳದಿ ಅರ್ಧ.

ಕಡೆಗೂ ಗುರುತು ಹಾಕುವ ದಿನ. ಗೋಡೆಬೀರಿನ ಒಳಗೆಲ್ಲ ಗುಡಿಸಿ, ಮಸಿದಾರ ಎಳೆದು ಹೊಡೆದೆ: ಇಲ್ಲಿ ಕಂಬ, ಇಲ್ಲಿ ನೆಲದ ಚೌಕಟ್ಟು, ಇಲ್ಲಿ ಮೇಲಿನ ಅಡ್ಡಪಟ್ಟಿ. ದಾರ ಗೋಡೆಗೆ ಬಡಿದ ಟಪ್ ಶಬ್ದಕ್ಕೆ ಅವಳು ಕಣ್ಣು ಬಿಟ್ಟಳು. ಗುರುತು ನೋಡಿದಳು, ಮಲಗಿದಲ್ಲಿಂದಲೇ ಮೇಲೆ ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ನಕ್ಕಳು. ಅರ್ಧ ಮುಖದ ನಗು, ಆದರೆ ನಗುವೇ. ಆಗಸ್ಟಿನಿಂದ ಮೊದಲ ಸಲ.

ಕನ್ನಡಿಯಲ್ಲಿ ನೋಡಿಕೊಂಡರೆ ಮೂಗಿನ ಮೇಲೆ ಮಸಿ. ಅದಕ್ಕೇ ಇರಬೇಕು. ಒರೆಸಲಿಲ್ಲ, ಸಂಜೆವರೆಗೂ ಹಾಗೇ ಓಡಾಡಿದೆ.

ಜನವರಿ 16. ಹಿಮ ನಿಂತಿದೆ.

ಗಂಜಿ ಹನ್ನೆರಡು.

ಎರಡು ಕೋಣೆಯ ನಡುವಿನ ಬಾಗಿಲು ತೆಗೆದಿಟ್ಟು, ಪಕ್ಕದ ಕೋಣೆಯಲ್ಲಿ ಅವಳ ಎದುರಿಗೇ ಕೆಲಸ ಮಾಡುತ್ತಿದ್ದೇನೆ. ಒಬ್ಬಳನ್ನೇ ಬಿಟ್ಟು ಕೊಟ್ಟಿಗೆಗೆ ಹೋದರೆ ಜೀವ ಇಲ್ಲೇ ಇರುತ್ತದೆ. ಧೂಳಾಗುತ್ತದೆ, ಆಗಲಿ. ಕೀಸುಳಿ ಎಳೆದಾಗ ಬಂದ ಉದ್ದನೆಯ ಸಿಪ್ಪೆಯನ್ನು ಅವಳ ಎಡಗೈಗೆ ಕೊಟ್ಟೆ. ಮೂಗಿನ ಹತ್ತಿರ ಹಿಡಿದು "ಮೂಲಂಗಿ" ಎಂದಳು.

ಸ್ಪಷ್ಟವಾಗಿ ಹೇಳಿದಳು. ನರ್ಸಮ್ಮನಿಗೆ ಹೇಳಬೇಕು.

ದುಂಡು ಕಂಬದ ಬುಡವನ್ನು ಚೌಕಟ್ಟಿಗೆ ಕೂರಿಸುವುದು ಮೂರು ಸಲ ಸರಿಹೋಗಲಿಲ್ಲ. ಮೊದಲೆಲ್ಲ ಒಂದೇ ಸಲಕ್ಕೆ ಕೂರುತ್ತಿತ್ತು. ಕೈ ನಡುಗುತ್ತದೆ, ಕನ್ನಡಕ ಮಂಜಾಗುತ್ತದೆ. ಕುತ್ತಿಗೆಯ ಎಲುಬು ಸವೆದ ಮೇಲೆ ತಲೆ ಹಿಂದಕ್ಕೆ ಬಾಗಿಸಲು ಆಗುವುದೇ ಇಲ್ಲ, ಎತ್ತರದ ಕೆಲಸವನ್ನೆಲ್ಲ ಮಣೆಯ ಮೇಲೆ ನಿಂತು ಮೂಗಿನ ನೇರಕ್ಕೆ ಮಾಡಬೇಕು. ನಾಲ್ಕನೇ ಸಲ ಕೂತಿತು. ಸಂದಿನಲ್ಲಿ ಕಾಗದವೂ ತೂರಲಿಲ್ಲ.

ಜನವರಿ 20.

ಚೌಕಟ್ಟನ್ನು ಬಿಚ್ಚಿದೆ. ಅಳತೆಯೇನೋ ಸರಿಯಾಗಿತ್ತು. ಆದರೆ ಮಂಚದ ಪಕ್ಕ ಮಂಡಿಯೂರಿ, ಅವಳ ದಿಂಬಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿದರೆ ಮಂಚದ ಕಂಬಿ ಅಡ್ಡ ಬರುತ್ತದೆ. ಹೂದಾನಿ ಇಟ್ಟರೆ ಹೂವಿನ ತುದಿ ಮಾತ್ರ ಕಾಣುತ್ತದೆ. ತೊಕೊನೊಮಾದ ನೆಲವನ್ನು ಒಂದು ಗೇಣು ಎತ್ತರಿಸುತ್ತಿದ್ದೇನೆ. ಗುರು ಬದುಕಿದ್ದರೆ ಕೊಡತಿ ತೆಗೆದುಕೊಳ್ಳುತ್ತಿದ್ದ. ಮಾರ್ಚ್‌ನಲ್ಲಿ ಹೋಗುವವಳಿಗೆ ಇಷ್ಟೆಲ್ಲ ಯಾಕೆ ಎಂದು ನನಗೂ ಗೊತ್ತಿಲ್ಲ.

ಗಂಜಿ ಬರೆಯಲು ಮರೆತೆ. ತಿಂದಳು.

ಜನವರಿ 27. ಬಿಸಿಲು.

ಗೋಡೆಗೆ ಮಣ್ಣು ಬಳಿಯಲು ಒಗುರಿ ಬಂದ. ನಲವತ್ತು ವರ್ಷದಿಂದ ನನ್ನ ಕಟ್ಟಡಗಳಿಗೆಲ್ಲ ಗಾರೆ ಕೆಲಸ ಅವನದೇ, ಬಾಯಿಗೆ ಬೀಗವಿಲ್ಲದ ಮನುಷ್ಯ. ಒಳಗೆ ಬಂದವನೇ ಕಂಬ ಸವರಿ ಹೊಗಳಿದ, ಎತ್ತರಿಸಿದ ನೆಲ ನೋಡಿ "ಏನ್ ಮೇಸ್ತ್ರಿ, ಬೆಕ್ಕು ಮಲಗಿಸ್ತೀರಾ ಇದ್ರ ಕೆಳಗೆ" ಎಂದು ಕಿಚಾಯಿಸಿದ. ಆಮೇಲೆ ಸೊಂಟಕ್ಕೆ ಕೈಕೊಟ್ಟು ತಲೆಯೆತ್ತಿ ಮೇಲೆ ನೋಡಿದ. ಬಾಯಿ ತೆರೆದ. ಮಂಚದ ಕಡೆ ತಿರುಗಿದ. ಕೆಮ್ಮಿ, ಚಹಾ ಇದೆಯಾ ಎಂದು ಕೇಳಿದ.

ಆಮೇಲೆ ಇಡೀ ದಿನ ಅವನ ಬಾಯಿಂದ ಮಾತೇ ಹೊರಡಲಿಲ್ಲ. ವಯಸ್ಸಾಯಿತು ಅವನಿಗೂ. ಹೋಗುವಾಗ ಮಾತ್ರ ಬಾಗಿಲಲ್ಲಿ ನಿಂತು, "ಚಳಿಗಾಲದ ಮಣ್ಣು, ಮೇಸ್ತ್ರಿ. ನಿಧಾನಕ್ಕೆ ಒಣಗ್ಲಿ. ಅವಸರ ಮಾಡಿದ್ರೆ ಬಿರುಕು ಬಿಡುತ್ತೆ" ಎಂದ. ಅದು ನನಗೆ ಗೊತ್ತಿಲ್ಲದ್ದೇ?

ಫೆಬ್ರವರಿ 6. ಹಿಮ, ಸಂಜೆ ಮಳೆ.

ಗೋಡೆ ಒಣಗಬೇಕು. ಕೆಲಸವಿಲ್ಲ. ಅವಳ ಪಕ್ಕ ಕೂತು ಕಿತ್ತಳೆ ಸುಲಿದೆ. ಸಿಪ್ಪೆ ಸೀಮೆಎಣ್ಣೆ ಒಲೆಯ ಮೇಲಿಟ್ಟರೆ ಕೋಣೆಯೆಲ್ಲ ವಾಸನೆ. ಮೊದಲು ಅವಳೇ ಹೀಗೆ ಮಾಡುತ್ತಿದ್ದಳು, ಸುಟ್ಟ ವಾಸನೆ ಎಂದು ನಾನು ಬೈಯುತ್ತಿದ್ದೆ.

ಈಗೀಗ ಅವಳಿಗೆ ಮಾತು ಒಂದೊಂದಾಗಿ ಮರಳುತ್ತಿದೆ. ಉಪ್ಪಿನಕಾಯಿ ಅಂಗಡಿಯ ಒಡತಿಯ ಬಗ್ಗೆ ಏನೋ ಹೇಳಲು ಹೊರಟಳು. ಅರ್ಧ ಗಂಟೆ ಹಿಡಿಯಿತು. ಒಡತಿ ಒಮ್ಮೆ ಪೀಪಾಯಿಯೊಳಗೆ ಬಿದ್ದಳಂತೆ. ಇಪ್ಪತ್ತು ವರ್ಷದ ಹಿಂದಿನದು, ನನಗೆ ಯಾವತ್ತೂ ಹೇಳಿರಲಿಲ್ಲ. ನೀವು ಯಾವತ್ತು ಕೇಳಿದ್ರಿ ಅಂದಳು.

ಕಸ ಗುಡಿಸುವಾಗ ಕಣ್ಣಿಗೆ ಬಿತ್ತು: ಮಂಚದ ಕೆಳಗಿನ ಚಾಪೆಯ ಗಿಡ್ಡ ಅಂಚು ನೇರ ತೊಕೊನೊಮಾದ ಕಡೆಗಿದೆ. ಮಂಚ ಸರಿಸಿ ನಾಲ್ಕು ಚಾಪೆ ತಿರುಗಿಸಿ ಹಾಕಬೇಕು. ಅರ್ಧ ದಿನದ ಕೆಲಸ. ನಾಳೆ ನೋಡೋಣ.

ಫೆಬ್ರವರಿ 15. ಬಿಸಿಲು.

ಒಗುರಿ ಕೊನೆಯ ಕೋಟು ಬಳಿದು ಹೋದ. ಬೆಳಗ್ಗೆ ಬಂದು ಸಂಜೆವರೆಗೆ ಚಹಾ ಕುಡಿದದ್ದೇ ಹೆಚ್ಚು. ಇಷ್ಟು ನಿಧಾನದ ಗಾರೆಯವನನ್ನು ನಾನು ನೋಡಿಲ್ಲ.

ನರ್ಸಮ್ಮ ಈ ಪುಸ್ತಕ ತಿರುವಿ, ಮೂತ್ರದ ಲೆಕ್ಕ ಎಲ್ಲಿ ಎಂದು ಗದರಿದಳು. ಡಿಸೆಂಬರ್ ಮೊದಲ ವಾರದಿಂದ ಬರೆದೇ ಇಲ್ಲವಂತೆ.

ಫೆಬ್ರವರಿ 23. ಮೋಡ.

ಮುಗಿಯಿತು. ಕಂಬಕ್ಕೆ ಒಣಬಟ್ಟೆಯಿಂದ ಕೊನೆಯ ಉಜ್ಜು ಕೊಟ್ಟೆ. ಅಪ್ಪನ ಕಾಲದ ಪಟ ತೂಗುಹಾಕಿದೆ, ಬರೀ ಬೆಟ್ಟ ಮತ್ತು ಒಂದು ದೋಣಿ. ಕೆಲಸ ಚೆನ್ನಾಗಿ ಬಂದಿದೆ. ಇಪ್ಪತ್ತೇಳರಲ್ಲಿ ಇದೇ ಚೆಂದ.

ಸಂತೋಷ ಆಗಬೇಕಿತ್ತು. ಉಪಕರಣಗಳನ್ನು ಎಣ್ಣೆ ಹಚ್ಚಿ ಪೆಟ್ಟಿಗೆಗೆ ಹಾಕಿದ ಮೇಲೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಹೂವನ್ನು ಕಾನಾಕೊ ಬಂದ ಮೇಲೆ ಇಡಿಸೋಣ ಎಂದೆ. ಮಿಸಾವೊ ಹ್ಞೂ ಅಂದಳು. ಬಹಳ ಸುಲಭವಾಗಿ ಹ್ಞೂ ಅಂದಳು.

ಫೆಬ್ರವರಿ 27. ಬಿಸಿಲು. ಸೂರಿನಿಂದ ಹಿಮ ಕರಗಿ ತೊಟ್ಟಿಕ್ಕುತ್ತಿದೆ.

ಆದದ್ದು ಆದ ಹಾಗೆ ಬರೆಯುತ್ತೇನೆ.

ಕಾನಾಕೊ ಬೆಳಗ್ಗೆಯೇ ಬಂದಳು. ನಾಡಿದ್ದು ಕಾರು ಬರುತ್ತದೆ. ಅಮ್ಮನ ಬಟ್ಟೆಗಳಿಗೆಲ್ಲ ಹೆಸರು ಹೊಲಿದ ಪಟ್ಟಿ ಹಚ್ಚುತ್ತ ಕೂತಳು. ನಾನು ಹಿತ್ತಲಿನಿಂದ ಪ್ಲಮ್ ಗಿಡದ ಒಂದು ಕೊಂಬೆ ಕಡಿದು ತಂದೆ, ಮೂರು ಮೊಗ್ಗು ಬಿರಿದಿದ್ದವು. ಮಿಸಾವೊಳನ್ನು ಗಾಲಿಕುರ್ಚಿಯಲ್ಲಿ ಕೂರಿಸಲು ಹೋದೆ.

"ಬೇಡ" ಅಂದಳು.

ಹೂ ಇಡೋದಿಲ್ವಾ ಎಂದೆ. ಅವಳು ಎಡಗೈ ಎತ್ತಿ ಒಂದು ಬೆರಳು ಮೇಲೆ ಮಾಡಿದಳು. "ಮೇಲೆ ನೋಡ್ರಿ."

ಕುತ್ತಿಗೆ ಎತ್ತಕ್ಕಾಗಲ್ಲ ಅಂತ ಗೊತ್ತಿಲ್ವಾ ನಿಂಗೆ ಎಂದು ರೇಗಿದೆ. ಅವಳು ಮಂಚದ ಮೇಲೆ ತನ್ನ ಪಕ್ಕದ ಜಾಗವನ್ನು ತಟ್ಟಿದಳು. ಮಗಳ ಎದುರಿಗೆ ಇದೇನು ಎಂದು ಸಂಕೋಚವಾಯಿತು. ಮತ್ತೆ ತಟ್ಟಿದಳು. ಕಂಬಿ ಇಳಿಸಿ, ಚಪ್ಪಟೆ ಮಲಗಿದೆ. ಆಗಸ್ಟಿನಿಂದ ಅವಳು ನೋಡುತ್ತಿರುವುದನ್ನು ಮೊದಲ ಸಲ ನೋಡಿದೆ.

ಮುಚ್ಚಿಗೆಯ ಏಳು ರೀಪು, ಏಳೂ ಕೋಣೆಯ ಆ ಕಡೆಯಿಂದ ಹೊರಟು ನೇರ ತೊಕೊನೊಮಾದೊಳಕ್ಕೆ ತುದಿ ಚಾಚಿ ನಿಂತಿವೆ. ಒಂದೊಂದೂ ಈಟಿಯ ಹಾಗೆ. ಮೂವತ್ತೆಂಟು ವರ್ಷದ ಹಿಂದೆ ನಾನೇ ಹಾಕಿದ ಮುಚ್ಚಿಗೆ. ಆಗ ಅಲ್ಲಿದ್ದದ್ದು ಹಾಸಿಗೆಯ ಬೀರು, ರೀಪು ಯಾವ ಕಡೆಗಿದ್ದರೂ ನಡೆಯುತ್ತಿತ್ತು. ಹೊಸ ಮನೆಯಲ್ಲಿ ತೊಕೊನೊಮಾ ಮೊದಲು, ಮುಚ್ಚಿಗೆ ಆಮೇಲೆ. ಇಲ್ಲಿ ಹಿಂದುಮುಂದಾಯಿತು. ಅಡ್ಡಪಟ್ಟಿ ಕೂರಿಸುವಾಗ ಮೂರು ದಿನ ಮಣೆಯ ಮೇಲೆ ನಿಂತಿದ್ದೆ, ರೀಪಿನ ತುದಿಗಳು ನನ್ನ ನೆತ್ತಿಯಿಂದ ಮೊಳ ದೂರದಲ್ಲಿದ್ದವು. ನೋಡಲೇ ಇಲ್ಲ. ಸಾಕೆ ಭಟ್ಟಿಯ ಮನೆಯ ಬಡಗಿಯನ್ನು ನೋಡಿ ನಕ್ಕವನು ನಾನು.

"ಯಾವತ್ತು ಗೊತ್ತಾಯ್ತು ನಿಂಗೆ?"

"ದಾರ ಹೊಡೆದ್ರಲ್ಲ. ಅವತ್ತೇ."

ಅವತ್ತು ನಕ್ಕದ್ದು ಮೂಗಿನ ಮಸಿಗಲ್ಲ.

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

ಒಂದೊಂದೇ ಮಾತನ್ನು ಹುಡುಕಿ ಹುಡುಕಿ ಜೋಡಿಸಿದಳು. "ಆಗ್ಲೇ ಹೇಳಿದ್ರೆ… ಆಗ್ಲೇ ಸರಿ ಮಾಡ್ತಿದ್ರಿ. ಬೇಗ ಮುಗಿದುಬಿಡ್ತಿತ್ತು." ಉಸಿರು ತೆಗೆದುಕೊಂಡಳು. "ಮುಗಿದ್ಮೇಲೇನೇ ಕಳಿಸೋದು ಅಂದಿದ್ರಲ್ಲ."

ಕಾನಾಕೊಳ ಕೈಯಲ್ಲಿ ಸೂಜಿ ನಿಂತಿತ್ತು. ಎದ್ದರೆ ನನ್ನ ಒದ್ದೆ ಕಣ್ಣು ಅವರಿಗೆ ಕಾಣುತ್ತದೆಂದು ಹಾಗೇ ಮಲಗಿದ್ದೆ. ಕಣ್ಣೀರು ಎರಡೂ ಕಡೆ ಕಿವಿಯೊಳಗೆ ಇಳಿಯಿತು.

ಫೆಬ್ರವರಿ 28.

ಆರೈಕೆ ಮನೆಗೆ ನಾನೇ ಫೋನ್ ಮಾಡಿದೆ. ಮುಚ್ಚಿಗೆ ಬಿಚ್ಚಬೇಕಾಗಿದೆ, ಈಗ ಕಳಿಸಲು ಆಗುವುದಿಲ್ಲ ಎಂದೆ. ಅಲ್ಲಿನ ಹೆಂಗಸಿಗೆ ಏನು ಅರ್ಥವಾಯಿತೋ. ಮಂಚ ಬೇರೆಯವರಿಗೆ ಹೋಗುತ್ತದೆ, ಮತ್ತೆ ಸರದಿ ಬರುವುದು ಶರತ್ಕಾಲಕ್ಕೋ, ಅದರಾಚೆಗೋ ಹೇಳಲಾಗದು ಎಂದಳು. ಆಗಲಿ ಅಂದೆ.

ಕಾನಾಕೊ ಮೊದಲು ಕೂಗಾಡಿದಳು, ಆಮೇಲೆ ಅತ್ತಳು. "ಅಪ್ಪಾ, ನಿಮಗೇನಾದ್ರೂ ಆದ್ರೆ ಅಮ್ಮನ್ನ ಯಾರು ನೋಡ್ತಾರೆ?" ಅವಳು ಕೇಳುವುದು ಸರಿ. ವಾರಕ್ಕೆ ಎರಡು ದಿನ ಹಗಲು ಹೊತ್ತು ಊರಿನ ಆರೈಕೆ ಕೇಂದ್ರಕ್ಕೆ ಕಳಿಸಲು, ಸ್ನಾನಕ್ಕೆ ಜನ ಕರೆಯಲು ಒಪ್ಪಿಕೊಂಡೆ. ಡಿಸೆಂಬರ್‌ನಲ್ಲೇ ಅವಳು ಹೇಳಿದ್ದಳು, ನಾನೇ ಹಟ ಹಿಡಿದಿದ್ದೆ. ಹೊರಡುವ ಮುನ್ನ ಅವಳು ಹೆಸರಿನ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಇರಲಿ ಬಿಡು, ಕೇಂದ್ರಕ್ಕೆ ಹೋಗುವಾಗ ಬೇಕಾಗುತ್ತದೆ ಎಂದೆ.

ಇವತ್ತೂ ಸುಸ್ತು. ಅದೇ ಸುಸ್ತು, ಕಡಿಮೆ ಏನಾಗಿಲ್ಲ.

ಮಾರ್ಚ್ 3. ಬಿಸಿಲು.

ಮಿಸಾವೊ: ಗಂಜಿ ಒಂದು ಬಟ್ಟಲು, ಕೆಂಪು ಗೆಡ್ಡೆಯ ಉಪ್ಪಿನಕಾಯಿ ನುಣ್ಣಗೆ ಅರೆದು ಸ್ವಲ್ಪ. ಮೂತ್ರ ಐದು ಸಲ, ನರ್ಸಮ್ಮನಿಗಾಗಿ.

ನನ್ನ ಕುತ್ತಿಗೆಯಲ್ಲಿ ಮೇಲಿನ ಕೆಲಸ ಆಗದೆಂದು ಒಗುರಿಯನ್ನು ಕರೆದೆ. ನಿನಗೆ ಮೊದಲ ದಿನವೇ ಕಂಡಿತ್ತಲ್ಲ ಎಂದು ಹಿಡಿದುಕೊಂಡೆ. "ಕಂಡಿತ್ತು ಮೇಸ್ತ್ರಿ. ಅಕ್ಕ ಕಣ್ಣಲ್ಲೇ ಬಾಯಿ ಮುಚ್ಚಿಸಿದ್ರು. ಅವರ ಕಣ್ಣಿಗೆ ನೀವೇ ಹೆದರ್ತೀರಿ, ನಾನ್ಯಾವ ಲೆಕ್ಕ" ಎಂದ. ಇಬ್ಬರೂ ಸೇರಿ ಹಲಗೆ ಬಿಚ್ಚಿ, ಮೊದಲ ರೀಪು ಇಳಿಸಿದೆವು. ಮೂವತ್ತೆಂಟು ವರ್ಷದ ಧೂಳು ಅವಳ ಮೇಲೆ ಬೀಳಬಾರದೆಂದು ಮಂಚದ ಮೇಲೆ ಕೊಡೆ ಬಿಡಿಸಿ ಕಟ್ಟಿದ್ದೆ.

ದಿನಕ್ಕೊಂದರಂತೆ ಇಳಿಸಿದರೆ ವಾರದಲ್ಲಿ ಏಳೂ ಆಗುತ್ತವೆ ಎಂದೆ. ಕೊಡೆಯ ಕೆಳಗಿನಿಂದ ಅವಳು "ವಾರಕ್ಕೊಂದು ಸಾಕು" ಅಂದಳು. ಆಮೇಲೆ ಬೆರಳು ಕೆಳಗೆ ಮಾಡಿ ನೆಲ ತೋರಿಸಿದಳು. "ಚಾಪೇನೂ ಸರಿಯಿಲ್ಲ."

ಒಗುರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಓ ಹೌದಲ್ಲ, ನಾನು ನೋಡೇ ಇರಲಿಲ್ಲ ಎಂದೆ.

ಈಗ ಬರೆಯುತ್ತ ಪುಟ ಹಿಂದಕ್ಕೆ ತಿರುವಿದೆ. ಫೆಬ್ರವರಿ ಆರರಂದು ನನ್ನದೇ ಕೈಬರಹದಲ್ಲಿದೆ: ಚಾಪೆಯ ಗಿಡ್ಡ ಅಂಚು, ಅರ್ಧ ದಿನದ ಕೆಲಸ, ನಾಳೆ ನೋಡೋಣ. ಆಮೇಲೆ ಕೈಯಲ್ಲಿ ಕೆಲಸವೇ ಇಲ್ಲದ ಎಷ್ಟೋ ದಿನಗಳು ಹೋಗಿವೆ.

ಅವಳಿಗೆ ಹೇಳಲಿಲ್ಲ.